ಕೆಡ್ಡಸದ ಎಣ್ಣೆ

ಇವತ್ತು ಬೆಳಗ್ಗೆ ಹುರುಳಿ ಹುರಿಯುತ್ತಿದ್ದೆ. ಹುರುಳಿ ಹುರಿಯುವ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಒಂದು ಹದದವರೆಗೆ ಅದು ಬರೀ ಮಣ್ಣಿನ ವಾಸನೆ, ಆಮೇಲೆ ಒಮ್ಮೆಲೇ ಹಸಿವಾಗುವ ವಾಸನೆ. ಆ ನಡುವಿನ ಗಳಿಗೆಯಲ್ಲಿ ಬಾಣಲೆಯಿಂದ ಕಣ್ಣು ತೆಗೆಯಬಾರದು. ನಾನು ತೆಗೆದೆ. ಹೊರಗೆ ಮಾಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ರಾತ್ರಿ ಮಳೆ ಬಂದಿತ್ತಂತೆ, ನನಗೆ ನಿದ್ದೆಯಲ್ಲಿ ಗೊತ್ತಾಗಲಿಲ್ಲ. ಕೆಡ್ಡಸದ ದಿನ ಮಾಡಿನಿಂದ ಇಬ್ಬನಿ ಬೀಳುವುದು ಉಂಟು, ಮಳೆನೀರು ಬೀಳುವುದೆಂದರೆ ಎಂತ? ಹಾಗೆ ನೋಡುತ್ತಾ ನಿಂತದ್ದರಲ್ಲಿ ಹುರುಳಿ ಒಂದು ಬದಿ ಕಪ್ಪಾಯಿತು. ಎಲ್ಲವೂ ಹೊತ್ತಲಿಲ್ಲ, ದೇವರು ದೊಡ್ಡವನು.

ನಮ್ಮ ಕಡೆಯವರಲ್ಲದವರಿಗೆ ಕೆಡ್ಡಸ ಎಂದರೇನೆಂದು ಹೇಳಬೇಕು. ಚಳಿ ಇಳಿದು ಸೆಕೆ ಏರುವ ಹೊತ್ತಿಗೆ ಭೂಮಿತಾಯಿ ಮೂರು ದಿನ ಹೊರಗೆ ಕೂರುತ್ತಾಳೆ, ನಾವು ಹೆಂಗಸರು ಕೂರುವ ಹಾಗೆಯೇ. ಆ ಮೂರು ದಿನ ನೆಲ ಅಗೆಯುವ ಹಾಗಿಲ್ಲ, ಉಳುವ ಹಾಗಿಲ್ಲ, ಹಸಿ ಸೊಪ್ಪು ಕಡಿಯುವ ಹಾಗಿಲ್ಲ. ಅಕ್ಕಿ, ಹುರುಳಿ ಹುರಿದು ಬೆಲ್ಲ, ಕಾಯಿ ಸೇರಿಸಿ ನನ್ನೆರಿ ಮಾಡಿ ಮನೆಯವರಿಗೂ ನೆರೆಯವರಿಗೂ ಹಂಚುತ್ತೇವೆ. ಮೂರನೇ ದಿನ ಮನೆಯ ಹೆಂಗಸು ತುಳಸಿಕಟ್ಟೆಯ ಬದಿಯಲ್ಲಿ ಸೆಗಣಿ ಸಾರಿಸಿ, ಕನ್ನಡಿ, ಬಾಚಣಿಗೆ, ಸೀಗೆ, ಅರಿಸಿನ ಕುಂಕುಮ ಇಟ್ಟು, ಪಕ್ಕದ ಬರೀ ನೆಲಕ್ಕೆ ಎಣ್ಣೆ ಎರೆಯುತ್ತಾಳೆ. ಅದು ಭೂಮಿಯ ತಲೆಗೆ ಎಣ್ಣೆ. ಅವಳು ಮಿಂದು ಎದ್ದ ಮೇಲೆ ಹಾರೆ, ಕತ್ತಿ ಮುಟ್ಟಬಹುದು.

ಇಷ್ಟು ಎಲ್ಲಾ ಕಡೆ ಉಂಟು. ನಾನು ಮದುವೆಯಾಗಿ ಬಂದ ಆಲೆಟ್ಟಿಯ ಈ ಮನೆಯಲ್ಲಿ ಮಾತ್ರ ಇನ್ನೊಂದು ಬಾಲ ಉಂಟು. ಎಣ್ಣೆ ಎರೆದ ಹೆಂಗಸು ತುಳಸಿಗೆ ಸುತ್ತು ಬಂದು ನೋಡುವಾಗ ಎಣ್ಣೆ ನೆಲದ ಮೇಲೆ ಮಿನುಗುತ್ತಾ ನಿಂತಿದ್ದರೆ ಅವಳು ಮಿಂದಾಯಿತು ಎಂದರ್ಥ. ಎಣ್ಣೆಯನ್ನು ನೆಲ ಕೂಡಲೇ ಕುಡಿದುಬಿಟ್ಟರೆ ಇನ್ನೂ ಆಯಾಸ ಕಳೆದಿಲ್ಲ, ಆ ವರ್ಷ ಹೊಸದಾಗಿ ನೆಲ ಕೊರೆಯುವ ಕೆಲಸ ಬೇಡ. ಪುತ್ತೂರಿನ ಹತ್ತಿರ ನರಿಮೊಗರಿನಲ್ಲಿ ನನ್ನ ತವರು. ಅಲ್ಲಿಯೂ ಕೆಡ್ಡಸ ಮಾಡುತ್ತಾರೆ, ಎಣ್ಣೆಯನ್ನು ತಿರುಗಿ ನೋಡುವುದನ್ನು ಯಾರೂ ಕಂಡವರಿಲ್ಲ. ಅದಕ್ಕೇ ಮೊದಲ ವರ್ಷವೇ ನನಗೊಂದು ಸಂಶಯ ಬಂತು: ಇದು ಭೂಮಿತಾಯಿಯ ಶಾಸ್ತ್ರವೋ, ನನ್ನ ಅತ್ತೆಯ ಶಾಸ್ತ್ರವೋ?

ಅತ್ತೆಯ ವಿಷಯದಲ್ಲಿ ಸಂಶಯ ಶುರುವಾದದ್ದು ಒಂದು ಶಬ್ದದಿಂದ. ನಮ್ಮ ತವರಿನಲ್ಲಿ ತುಳು, ಇಲ್ಲಿ ಅರೆಭಾಷೆ. ಮದುವೆಯಾದ ಮರುದಿನ "ಅತ್ತೆ, ಚಾ ಮಾಡ್ಲಾ?" ಎಂದು ಕೇಳಿದೆ. "ಬೊತ್ತು" ಎಂದರು. ನಾನು ಒಳಗೆ ಹೋಗಿ ಕುಂಕುಮದ ಭರಣಿ ತಂದು ಭಕ್ತಿಯಿಂದ ಎದುರಿಗೆ ಹಿಡಿದೆ. ಅತ್ತೆ ಭರಣಿಯನ್ನು ನೋಡಿದರು, ನನ್ನನ್ನು ನೋಡಿದರು, ಹಣೆಗೊಂದು ಬೊಟ್ಟು ಇಟ್ಟುಕೊಂಡರು. ಬೊತ್ತು ಎಂದರೆ ಬೇಡ ಎಂದರ್ಥವೆಂದು ಸಂಜೆ ಇವರು, ಅಂದರೆ ನನ್ನ ಯಜಮಾನರು, ನಕ್ಕು ನಕ್ಕು ಹೇಳಿದರು. ಅತ್ತೆ ಒಂದು ಮಾತೂ ಹೇಳಲಿಲ್ಲ. ಯಾರಾದರೂ ತಪ್ಪು ತಿಳಿದುಕೊಂಡರೆ ತಿದ್ದುವ ಅಭ್ಯಾಸ ಅವರಿಗೆ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅವರು ಆಡಿದ್ದೆಲ್ಲ ಅರೆಭಾಷೆಯಲ್ಲಿ, ನಿಮಗೆ ಅರ್ಥವಾಗಲೆಂದು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಒಂದು ಶಬ್ದವನ್ನು ಮಾತ್ರ ಹಾಗೆಯೇ ಬಿಡುತ್ತೇನೆ.

ನಮ್ಮ ಮನೆಯ ಹಿಂದೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗವೊಂದು ಉಂಟು. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗಬಹುದಾದಷ್ಟು ದೊಡ್ಡದು. ಅತ್ತೆಯ ಮಾವನ ಕಾಲದ್ದು. ಅದರ ಒಳಗಿನಿಂದ ಹಗಲು ರಾತ್ರಿ ಒಂದು ಎಳೆ ನೀರು ಬಂದು ಅಂಗಳದ ಮೂಲೆಯ ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ದೇವರ ಪೂಜೆಗೆ, ಅಡುಗೆಗೆ, ದನಕ್ಕೆ, ಮೀಯಲಿಕ್ಕೆ ಅದೇ. ಟಾಂಕಿ ತುಂಬಿ ಹರಿದದ್ದು ಕೆಳಗಿನ ತೋಟಕ್ಕೆ. ನಾನು ಬಂದ ಹೊಸತರಲ್ಲಿ ಆ ನೀರು ಹಗ್ಗದಷ್ಟು ದಪ್ಪ ಬೀಳುತ್ತಿತ್ತು. ಬೇಸಗೆಯಲ್ಲಿಯೂ ಕಿರುಬೆರಳಿಗಿಂತ ಸಣ್ಣದಾದದ್ದಿಲ್ಲ.

ಆಮೇಲಾಮೇಲೆ ತಿಂಗಳುಗಳೇ ತಮ್ಮ ಹೆಸರು ಮರೆತ ಹಾಗೆ ನಡೆಯತೊಡಗಿದವು. ಜಡಿಮಳೆಯ ಆಟಿ ತಿಂಗಳಲ್ಲಿ ಬಟ್ಟೆ ಒಣಗುವ ಬಿಸಿಲು, ದೀಪಾವಳಿಯ ಹಣತೆ ಹಚ್ಚುವಾಗ ಗುಡುಗು. ಅಡಿಕೆ ಒಣಗಲು ಹಾಕಿದ ಅಂಗಳಕ್ಕೆ ಟರ್ಪಾಲು ಹೊದಿಸಿ, ತೆಗೆದು, ಹೊದಿಸಿ, ನನ್ನ ಸೊಂಟದ ಕಥೆ ಮುಗಿಯಿತು. ಇವರು ಕೃಷಿಕರ ವಾಟ್ಸಪ್ ಗುಂಪಿನಲ್ಲಿ ಮಳೆಯ ಸುದ್ದಿ ನೋಡಿ ಹೇಳುತ್ತಾರೆ. ಮೊಬೈಲಿನಲ್ಲಿ ಮೋಡದ ಚಿತ್ರ ಇದ್ದರೆ ನಾನು ಧೈರ್ಯವಾಗಿ ಹಪ್ಪಳ ಹರಡುತ್ತೇನೆ, ಸೂರ್ಯನ ಚಿತ್ರ ಇದ್ದರೆ ಚಾಪೆ ಸುತ್ತಿಡುತ್ತೇನೆ. ಬಹಳಷ್ಟು ಸಲ ನಾನೇ ಸರಿಯಾದದ್ದು. ಹಾಗೆಂದು ಆಕಾಶವನ್ನು ನಂಬುತ್ತೇನೆಂದಲ್ಲ, ಅದು ಈಗ ಪೇಟೆಯ ನೆಂಟನ ಹಾಗೆ, ಬರುತ್ತೇನೆಂದ ದಿನ ಬರುವುದಿಲ್ಲ, ಅನ್ನ ಇಳಿಸಿದ ಮೇಲೆ ಬಾಗಿಲಲ್ಲಿ ನಿಂತಿರುತ್ತದೆ.

ನವಿಲು ಬಂದದ್ದೂ ಆಗಲೇ. ಮೊದಲ ಸಲ ನವಿಲು ನಮ್ಮ ಅಂಗಳಕ್ಕೆ ಇಳಿದಾಗ ನಾನು ಕೈಮುಗಿದೆ. ಸುಬ್ರಹ್ಮಣ್ಯ ದೇವರ ಊರು ಇಲ್ಲಿಂದ ಬಹಳ ದೂರವಿಲ್ಲ, ವಾಹನ ದರ್ಶನ ಕೊಟ್ಟಿತೆಂದುಕೊಂಡೆ. ಅತ್ತೆ ಕೋಲು ಹಿಡಿದು ಓಡಿಸಿದರು. "ಇದು ಒಣ ಊರಿನ ಹಕ್ಕಿ. ನಮ್ಮಲ್ಲಿಗೆ ಎಂತಕ್ಕೆ ಬಂತು ಅಂತ ಕೇಳು" ಎಂದರು. ಕೇಳಿದರೆ ನವಿಲು ಹೇಳುತ್ತದೆಯೇ. ಬಸಳೆಯ ಕುಡಿಯೆಲ್ಲ ತಿಂದು ಗುಡ್ಡ ಹತ್ತಿತು. ಅಂದಿನಿಂದ ನಾನು ಕೈಮುಗಿಯುವುದನ್ನು ಬಿಟ್ಟಿಲ್ಲ, ಕೋಲನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೇನೆ.

ಒಂದು ವರ್ಷ ಕೆಡ್ಡಸಕ್ಕೆ ಮೊದಲೇ ಸುರಂಗದ ನೀರು ಕಿರುಬೆರಳಿಗಿಂತ ಸಣ್ಣದಾಯಿತು. ತೋಟದ ಮೇಲಿನ ಪಟ್ಟಿಯ ಅಡಿಕೆಮರಗಳ ಸೋಗೆ ಜೋತುಬಿತ್ತು. ಕೊನೆಗೆ ಇವರು ಒಬ್ಬ ನೀರು ನೋಡುವವರನ್ನು ಕರೆಸಿದರು. ಅವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ತಿರುಗಿ ತಿರುಗಿ, ಸುರಂಗದ ನೆತ್ತಿಯ ಮೇಲೆ ಬಂದು ನಿಂತರು. "ಇಲ್ಲಿ ಬೋರ್ ಹಾಕಿ. ನೀರು ಉಂಟು" ಎಂದರು. ಸುರಂಗದಲ್ಲಿ ನೀರಿರುವುದು ನನಗೂ ಗೊತ್ತಿತ್ತು, ಅದಕ್ಕೆ ಕಾಯಿ ಬೇಕಿತ್ತೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅತ್ತೆ ಹೇಳಿದ್ದು ಒಂದೇ ಶಬ್ದ. ಅದೇ.

"ಬೊತ್ತು ಅಂದ್ರೆ ಮರಕ್ಕೆ ನಾನು ಎಂತ ಹೊಯ್ಯುದು ಅಮ್ಮ?" ಎಂದರು ಇವರು.

"ನೆತ್ತಿಗೆ ತೂತು ಮಾಡಿದ್ರೆ ಇಲ್ಲಿ ಬೀಳುವ ನೀರು ಅಲ್ಲಿ ಇಳಿದು ಹೋಗ್ತದೆ. ಹಮೀದನ ಸುರಂಗ ಎಂತಾಯ್ತು?"

ಹಮೀದಾಕ ನಮ್ಮ ಮೇಲಿನ ಜಾಗದವರು. ಗಲ್ಫಿನಲ್ಲಿ ಬಹಳ ಕಾಲ ದುಡಿದು ಬಂದು ರಬ್ಬರ್ ಹಾಕಿದ ಬ್ಯಾರಿ ಮನೆತನದವರು. ಅವರ ಜಾಗದಲ್ಲಿಯೂ ಒಂದು ಹಳೆಯ ಸುರಂಗ ಇತ್ತು. ಅವರು ಮೊದಲ ಬೋರ್ ಹಾಕಿದ ಮೇಲೆ ಅದು ಒಣಗಿ ಬಾವಲಿ ಮನೆ ಮಾಡಿತು. ನಮ್ಮ ನೀರು ಸಣ್ಣದಾಗಲಿಕ್ಕೂ ಅದೇ ಬೋರು ಕಾರಣವೆಂದು ಇವರಿಗೆ ಸಂಶಯ. ನಾವು ಕೆಳಗಿನಿಂದ ಸುರಂಗದಲ್ಲಿ ನೀರು ಹಿಡಿಯುವುದರಿಂದ ತನ್ನ ಬೋರು ಸೋಲುತ್ತದೆಂದು ಹಮೀದಾಕನಿಗೆ ಸಂಶಯ. ಇಬ್ಬರೂ ಎದುರು ಸಿಕ್ಕಾಗ "ಸೆಕೆ ಜಾಸ್ತಿ ಅಲ್ವಾ ಮಾರಾಯ್ರೆ" ಎಂದು ನಗುತ್ತಿದ್ದರು. ನನಗೆ ಆ ನಗುವಿನ ಮೇಲೆಯೇ ಸಂಶಯ.

"ಸುರಂಗವೂ ಭೂಮಿಯನ್ನು ಕೊರೆದದ್ದೇ ಅಲ್ವಾ ಅತ್ತೆ?" ಎಂದು ನಾನೂ ಒಮ್ಮೆ ಬಾಯಿ ಹಾಕಿದೆ.

"ಅದು ಬರುವ ನೀರನ್ನು ಹಿಡಿಯುದು. ಇದು ಬಾರದ ನೀರನ್ನು ಎಳೆಯುದು" ಎಂದರು. ಎಲ್ಲದಕ್ಕೂ ಅವರ ಹತ್ತಿರ ಉತ್ತರ ತಯಾರಿರುತ್ತಿತ್ತು. ಹಾಗೆ ತಯಾರಿರುವವರನ್ನು ನಂಬುವುದು ಹೇಗೆ?

ಆದರೂ ಇವರು ಬೋರಿನ ಲಾರಿಗೆ ಹೇಳಿಯೇ ಬಿಟ್ಟರು. ಹಮೀದಾಕನಿಗೂ ಎರಡನೇ ಬೋರು ಬೇಕಿತ್ತು. ಒಟ್ಟಿಗೆ ಎರಡು ಕಡೆ ಆದರೆ ಮಾತ್ರ ಗಾಡಿ ಗುಡ್ಡ ಹತ್ತಿಸುತ್ತೇನೆ, ಇಲ್ಲದಿದ್ದರೆ ಸೀದಾ ಕಡಬಕ್ಕೆ ಎಂದು ಏಜೆಂಟ್ ಹೇಳಿದ್ದನಂತೆ. ಗಾಡಿ ಬಂದು ಹಮೀದಾಕನ ಅಂಗಳದಲ್ಲಿ ನಿಂತ ದಿನ ಕೆಡ್ಡಸದ ಮೊದಲನೇ ದಿನ. ಇವರಿಗೆ ಅದು ನೆನಪಿರಲಿಲ್ಲವಂತೆ. ನೆನಪಿರಲಿಲ್ಲವೋ, ನೆನಪಿದ್ದೂ ಇರಲಿಲ್ಲವೋ ನಾನು ಕೇಳಲಿಲ್ಲ.

ಅತ್ತೆ ಮಧ್ಯಾಹ್ನದ ಬಿಸಿಲಲ್ಲಿ ತಲೆಗೆ ಸೆರಗು ಹಾಕಿಕೊಂಡು ಗುಡ್ಡ ಹತ್ತಿದರು. ಬೀಳುತ್ತಾರೆಂಬ ಹೆದರಿಕೆಯಲ್ಲಿ ನಾನೂ ಹಿಂದಿನಿಂದ ಹೋದೆ.

"ಎಂತ ಅಮ್ಮ, ಈ ಬಿಸಿಲಿಗೆ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ" ಎಂದು ಹಮೀದಾಕ ಕುರ್ಚಿ ತಂದಿಟ್ಟರು.

"ಹೇಳಿ ಕಳಿಸಿದ್ರೆ ನೀನು ನಾಳೆ ಬರ್ತಿದ್ದೆ. ಲಾರಿ ಇವತ್ತೇ ಬಂದುಂಟು."

"ನಿಮ್ಮ ಮಗನೇ ಹೇಳಿದ್ದು ಅಮ್ಮ, ಇಬ್ಬರದ್ದೂ ಒಟ್ಟಿಗೆ ಆಗ್ಲಿ ಅಂತ."

"ಅವನಿಗೆ ಪಂಚಾಂಗ ಕಾಣುದಿಲ್ಲ. ನಿನಗೆ ಇದು ಎಂತ ದಿನ ಅಂತ ಗೊತ್ತುಂಟು. ವರ್ಷ ವರ್ಷ ನನ್ನೆರಿ ತಿಂದವ ನೀನು."

ಹಮೀದಾಕ ನಕ್ಕರು. "ತಿನ್ಲಿಕ್ಕೆ ನನಗೂ ಕೆಡ್ಡಸ ಉಂಟಮ್ಮ. ಬೋರ್ ಹೊಡೀಲಿಕ್ಕೆ ನನಗೆ ಕೆಡ್ಡಸ ಇಲ್ವಲ್ಲ."

"ನಿನಗೆ ಇಲ್ಲ. ಭೂಮಿಗೆ ಉಂಟು. ನಿನ್ನ ಬೇಲಿ ಎಲ್ಲಿ, ನಮ್ಮ ಬೇಲಿ ಎಲ್ಲಿ ಅಂತ ಅವಳಿಗೆ ಗೊತ್ತಿಲ್ಲ."

ಒಳಗಿನಿಂದ ಹಮೀದಾಕನ ಹೆಂಡತಿಯ ಸ್ವರ ಬಂತು. "ಅಮ್ಮ ಹೇಳುದು ಎಂತ ತಪ್ಪು? ಹೆಂಗಸಿಗೆ ಮೂರು ದಿನ ಸುಮ್ಮನೆ ಬಿಡ್ಲಿಕ್ಕೆ ಹೇಳುದಲ್ವಾ? ನಿಮಗೆ ಅದೂ ಗೊತ್ತಾಗುದಿಲ್ಲ."

ಮರುದಿನ ಬೆಳಗ್ಗೆ ಲಾರಿಯ ಒಂದು ಟಯರಿನಲ್ಲಿ ಗಾಳಿ ಇರಲಿಲ್ಲ. ಪೇಟೆಯಿಂದ ಜನ ಬಂದು ಸರಿಮಾಡುವಾಗ ಕೆಡ್ಡಸ ಮುಗಿಯುತ್ತಾ ಬಂತು. ಲಾರಿಯ ತಮಿಳು ಜನ ಅಲ್ಲಿ ಕೋಳಿ ಸಾರು, ಇಲ್ಲಿ ನನ್ನೆರಿ ತಿಂದುಕೊಂಡು ಆರಾಮ ಇದ್ದರು. ಆ ಟಯರು ದೇವರ ಕೃಪೆಯೋ, ಹಮೀದಾಕನ ಕೃಪೆಯೋ, ಅವರ ಹೆಂಡತಿಯ ತಲೆಪಿನ್ನಿನ ಕೃಪೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೃಪೆಯಂತೂ ಹೌದು.

ಮೂರನೇ ದಿನ ಅತ್ತೆ ಎಣ್ಣೆ ಎರೆಯಲು ಹೊರಟರು. ಆಗ ಹತ್ತಿರ ಯಾರೂ ಬರುವ ಹಾಗಿಲ್ಲ, ಅದೂ ಅವರದೇ ಶಾಸ್ತ್ರ. ನಾನು ಅಡುಗೆಮನೆಯ ಕಿಟಕಿಯಲ್ಲಿ, ಇವರು ಜಗಲಿಯಲ್ಲಿ. ಅತ್ತೆ ಎರೆದರು, ತುಳಸಿಗೆ ಸುತ್ತು ಬಂದರು, ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಅಮ್ಮ, ಎಣ್ಣೆ ನಿಂತಿತಾ?" ಎಂದು ಇವರು ಕೇಳಿದರು.

ಅತ್ತೆ ನೆಟ್ಟಗಾಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು: "ಬೊತ್ತು."

ಇವರು ಚಪ್ಪಲಿ ಮೆಟ್ಟಿ ತೋಟಕ್ಕೆ ಹೋದರು. ಅತ್ತೆ ಒಳಗೆ ಹೋದ ಮೇಲೆ ನಾನು ಮೆಲ್ಲನೆ ಹೋಗಿ ನೋಡಿದೆ. ಅಷ್ಟರಲ್ಲಿ ಕೋಳಿ ಬಂದು ಅಲ್ಲೆಲ್ಲ ಕೆದರಿ ಹಾಕಿತ್ತು. ಎಣ್ಣೆ ನಿಂತಿತ್ತೋ, ಇಂಗಿತ್ತೋ ಕೋಳಿಗೇ ಗೊತ್ತು.

ಮರುದಿನ ಹಮೀದಾಕನ ಜಾಗದಲ್ಲಿ ಬೋರು ಹೊಡೆದರು. ಗುಡ್ಡವೇ ನಡುಗಿತು, ಬಿಳಿ ಧೂಳು ಬಂದು ನಮ್ಮ ತುಳಸಿಯ ಮೇಲೆ ಕೂತಿತು. ನೀರು ಬಂತು. ಹಮೀದಾಕ ಒಂದು ಕೊಡ ನೀರನ್ನು ತಾನೇ ಹೊತ್ತು ತಂದು ನಮ್ಮ ಜಗಲಿಯಲ್ಲಿಟ್ಟರು. ಇವರು ಆ ಕೊಡವನ್ನು ನೋಡಿ ಎದ್ದು ಹೋದರು. ಆ ಬೇಸಗೆಯಲ್ಲಿ ಮೇಲಿನ ಪಟ್ಟಿಯ ಅಡಿಕೆಮರಗಳು ಒಂದೊಂದಾಗಿ ತಲೆ ಕಳಚಿಕೊಂಡವು. ಇವರು ಅತ್ತೆಯ ಹತ್ತಿರ ಮಾತು ಬಿಟ್ಟರು. ನಾನು ಅಂಚೆಯವಳಾದೆ: "ಅಮ್ಮನಿಗೆ ಹೇಳು, ಊಟಕ್ಕಾಯ್ತು ಅಂತ." "ಅವನಿಗೆ ಹೇಳು, ನನಗೆ ಕೇಳಿಸ್ತದೆ ಅಂತ."

ಒಂದು ಸಂಜೆ ಹಾಲು ಕರೆದು ಬರುವಾಗ ಅತ್ತೆ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಮೇಲಿನ ಪಟ್ಟಿಯಲ್ಲಿದ್ದರು. ಪಾತ್ರೆ ತೊಳೆದ ನೀರನ್ನು ಚೆಂಬಿನಲ್ಲಿ ತಂದು ಒಂದು ಮರದ ಬುಡಕ್ಕೆ ಹೊಯ್ಯುತ್ತಿದ್ದರು. ಆ ಮರ ಸತ್ತಾಗಿತ್ತು. ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ನನ್ನನ್ನು ನೋಡಿ "ಇದು ನನ್ನವರು ನೆಟ್ಟದ್ದು" ಎಂದಷ್ಟೇ ಹೇಳಿ ಖಾಲಿ ಚೆಂಬನ್ನು ನನ್ನ ಕೈಗೆ ಕೊಟ್ಟರು. ತಾನು ಮಾಡಿದ್ದು ಸರಿಯೆಂಬ ಧೈರ್ಯ ಇದ್ದವರು ಸತ್ತ ಮರಕ್ಕೆ ನೀರು ಹೊರುತ್ತಾರೆಯೇ? ನನ್ನ ಸಂಶಯ ಅವತ್ತು ಇನ್ನೊಂದು ಸುತ್ತು ಬಲಿಯಿತು.

ಆ ಪಟ್ಟಿಯಲ್ಲಿ ಈಗ ಗೇರು ಉಂಟು. ಗೇರಿಗೆ ನೀರು ಕೇಳುವ ಅಭ್ಯಾಸವಿಲ್ಲ. ಕೆಳಗಿನ ತೋಟಕ್ಕೆ ಇವರು ಹನಿ ನೀರಿನ ಪೈಪು ಎಳೆದರು, ಬುಡಕ್ಕೆ ಸೋಗೆ ಹಾಸಿದರು. ಮಳೆ ಶುರುವಾದ ಮೇಲೆ ಸುರಂಗದ ಮೇಲಿನ ಗುಡ್ಡದಲ್ಲಿ ನೀರು ಇಂಗಲು ಗುಂಡಿಗಳನ್ನು ತೋಡಿಸಿದರು. ಅಮ್ಮ ಹೇಳಿದ್ದಕ್ಕಲ್ಲ, ವಾಟ್ಸಪ್ಪಿನಲ್ಲಿ ಬಂದದ್ದಕ್ಕೆ ಎಂದು ಎರಡೆರಡು ಸಲ ಹೇಳಿದರು. ಸುರಂಗದ ನೀರು ಪೂರಾ ನಿಲ್ಲಲಿಲ್ಲ. ಅದು ಗುಂಡಿಯಿಂದಲೋ, ಆಮೇಲೆ ಬಂದ ದೊಡ್ಡ ಮಳೆಯಿಂದಲೋ, ಅತ್ತೆಯ ಹಠದಿಂದಲೋ ಹೇಳಲು ನನಗೆ ತಿಳಿಯದು. ಬೀಳುತ್ತಾ ಉಂಟು, ಅಷ್ಟೇ ನನಗೆ ದೊಡ್ಡದು. ಹಮೀದಾಕನ ಹೊಸ ಬೋರು ಕೆಲವು ಬೇಸಗೆ ಚೆನ್ನಾಗಿ ಕೊಟ್ಟಿತು, ಆಮೇಲೆ ಗಾಳಿ ಕೆಮ್ಮತೊಡಗಿತು. ಈಗ ಬೇಸಗೆಯಲ್ಲಿ ಅವರು ಕ್ಯಾನು ಹಿಡಿದು ನಮ್ಮ ಟಾಂಕಿಗೆ ಬರುತ್ತಾರೆ. "ಅಮ್ಮನ ನೀರು ತಕೊಂಡು ಹೋಗ್ತೇನೆ" ಎನ್ನುತ್ತಾರೆ. ಇವರು ಪೈಪು ಹಿಡಿದು ಕ್ಯಾನು ತುಂಬಿಸಿ ಕೊಡುತ್ತಾರೆ. ಸೆಕೆಯ ವಿಷಯ ಮಾತಾಡಿ ಇಬ್ಬರೂ ನಗುತ್ತಾರೆ. ಆ ನಗು ಈಗ ಅಷ್ಟು ಸಂಶಯದ್ದಲ್ಲ.

ಅತ್ತೆ ತೀರಿಕೊಂಡ ಮಳೆಗಾಲದಲ್ಲಿ, ತೀರುವ ಮೊದಲು ಒಂದು ದಿನ, ಅವರ ಕಾಲು ಒತ್ತುತ್ತಾ ಕೇಳಿಯೇಬಿಟ್ಟೆ. "ಅತ್ತೆ, ಅವತ್ತು ಎಣ್ಣೆ ನಿಂತಿತ್ತಾ?"

ಅವರು ಕಣ್ಣು ತೆರೆಯಲಿಲ್ಲ. "ಹುರುಳಿ ಹೊತ್ತಿ ಹೋಗ್ತದೆ ನೋಡು" ಎಂದರು.

ನಾನು ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಹುರುಳಿಯೂ ಇರಲಿಲ್ಲ, ಒಲೆಯಲ್ಲಿ ಬೆಂಕಿಯೂ ಇರಲಿಲ್ಲ.

ಇಷ್ಟೆಲ್ಲ ನೆನಪಾದದ್ದು ಇವತ್ತಿನ ಕಪ್ಪು ಹುರುಳಿಯಿಂದ. ಇವತ್ತು ಮೂರನೇ ದಿನ. ಹೋದ ಬೇಸಗೆಯಲ್ಲಿ ಕೆಳಗಿನ ತೋಟದ ಮರಗಳೂ ಸೋತವು, ಇವರಿಗೆ ನಿದ್ದೆ ಇಲ್ಲ. ವಾರದ ಹಿಂದೆ ಹೇಳಿದರು: "ಬೋರಿನವರು ಊರಲ್ಲಿ ಇದ್ದಾರೆ. ಕೆಡ್ಡಸದ ಮರುದಿನ ಬರ್ಲಿಕ್ಕೆ ಹೇಳಿದ್ದೇನೆ. ಸುರಂಗದ ನೆತ್ತಿಯ ಅದೇ ಜಾಗದಲ್ಲಿ. ಎಣ್ಣೆ ನೋಡಿ ನೀನು ಹೇಳು, ನೀನು ಹೇಳಿದ ಹಾಗೆ." ನನಗೆ ಕಣ್ಣಲ್ಲಿ ನೀರೇ ಬಂತು. ಅಮ್ಮನ ಮೇಲೆ ಅಷ್ಟು ಸಿಟ್ಟು ಮಾಡಿದವರು ಈಗ ಶಾಸ್ತ್ರಕ್ಕೆ ತಲೆಬಾಗಿದರಲ್ಲ ಎಂದು. ಇವತ್ತು ಮಾಡಿನ ನೀರು ನೋಡುವಾಗ ಹೊಳೆಯಿತು: ಮಳೆ ಬರುತ್ತದೆಂದು ಇವರ ವಾಟ್ಸಪ್ಪಿನವರು ಮೊದಲೇ ಹೇಳಿದ್ದರು. ಒದ್ದೆ ನೆಲದಲ್ಲಿ ಎಣ್ಣೆ ನಿಲ್ಲದೆ ಎಲ್ಲಿಗೆ ಹೋಗುತ್ತದೆ?

ಸಾರಿಸಿದೆ, ಕನ್ನಡಿ ಇಟ್ಟೆ, ಬಾಚಣಿಗೆ ಇಟ್ಟೆ. ಎಣ್ಣೆ ಎರೆದು ಸುತ್ತು ಬಂದು ಬಗ್ಗಿ ನೋಡಿದೆ. ನಿಂತಿತ್ತು. ನಿಂತದ್ದು ಮಾತ್ರವಲ್ಲ, ಬಣ್ಣ ಬಣ್ಣವಾಗಿ ಮಿನುಗುತ್ತಿತ್ತು. ಇಷ್ಟು ಚೆಂದ ನಿಂತದ್ದನ್ನು ನಾನು ಕಂಡದ್ದೇ ಇಲ್ಲ. ಅತ್ತೆಯ ಶಾಸ್ತ್ರದ ಪ್ರಕಾರ ಭೂಮಿತಾಯಿ ಮಿಂದು, ತಲೆ ಬಾಚಿ, ಎದ್ದಾಗಿತ್ತು.

ಅಷ್ಟರಲ್ಲಿ ಕೋಳಿ ಬಂತು. ಕೋಳಿಗೆ ಕೆಡ್ಡಸ ಇಲ್ಲ. ಎಣ್ಣೆಯ ಪಕ್ಕದಲ್ಲೇ ಕಾಲಿನಿಂದ ಒಂದು ಗೀರು ಎಳೆಯಿತು. ಮೇಲಿನ ತೆಳ್ಳಗಿನ ಒದ್ದೆಯ ಅಡಿಯಲ್ಲಿ ಮಣ್ಣು ಹುರಿದ ಹಿಟ್ಟಿನ ಹಾಗೆ ಒಣಗಿತ್ತು. ರಾತ್ರಿಯ ಮಳೆ ಭೂಮಿತಾಯಿಯ ಕೂದಲಿನ ಬುಡವನ್ನೂ ನೆನೆಸಿರಲಿಲ್ಲ. ಆ ಒಣಮಣ್ಣನ್ನು ನೋಡಿಕೊಂಡು ನಾನು ಬಗ್ಗಿಯೇ ಇದ್ದೆ. ಆಕಾಶ ಸುಳ್ಳು ಹೇಳುವುದು ಗೊತ್ತಿತ್ತು. ಈಗ ಎಣ್ಣೆಯೂ ಕಲಿತಿತು. ಹಿಂದಿನಿಂದ ಸುರಂಗದ ನೀರು ಟಾಂಕಿಗೆ ಬೀಳುವ ಶಬ್ದ ಕೇಳುತ್ತಿತ್ತು. ನೂಲಿನಷ್ಟು ಸಣ್ಣದು, ಆದರೂ ಬೀಳುತ್ತಿತ್ತು. ಅತ್ತೆ ಅವತ್ತು ಅಷ್ಟು ಹೊತ್ತು ಬಗ್ಗಿ ನಿಂತು ಎಣ್ಣೆಯನ್ನು ನೋಡುತ್ತಿದ್ದರೋ, ಈ ಶಬ್ದವನ್ನು ಕೇಳುತ್ತಿದ್ದರೋ?

"ಎಣ್ಣೆ ನಿಂತಿತಾ?" ಎಂದು ಜಗಲಿಯಿಂದ ಇವರು ಕೇಳಿದರು.

ದೇವರ ಎದುರು ಸುಳ್ಳು ಹೇಳುವವಳಲ್ಲ ನಾನು. ನೆಟ್ಟಗಾಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಬೊತ್ತು" ಎಂದೆ.

ಈ ಮನೆಗೆ ಬಂದು ಇಷ್ಟು ವರ್ಷವಾದರೂ ನನ್ನ ಬಾಯಿಂದ ಆ ಶಬ್ದ ಬಂದದ್ದು ಇದೇ ಮೊದಲು. ಇವರು ಫೋನು ಹಿಡಿದು ಅಂಗಳದ ಆ ಬದಿಗೆ ಹೋದರು. ತಿರುಗಿ ಬರುವಾಗ ನಾನು ಒಳಗೆ ಕೂತು ಕಪ್ಪು ಹುರುಳಿಯನ್ನು ಹೆಕ್ಕಿ ಬೇರೆ ಹಾಕುತ್ತಿದ್ದೆ.

"ಬರುದು ಬೇಡ ಅಂತ ಲಾರಿಯವನಿಗೆ ಹೇಳಿದೆ" ಎಂದರು. "ಕೆಳಗಿನ ತೋಟದ ಒಂದು ಬದಿ ಹೋಗ್ತದೆ. ಅಲ್ಲಿಯೂ ಗೇರು ಹಾಕುದು, ಮತ್ತೆಂತ ಮಾಡುದು? ನನ್ನೆರಿ ಆದರೆ ಕೊಡು, ಹಮೀದಾಕನಿಗೆ ಕೊಟ್ಟು ಬರ್ತೇನೆ."

ಡಬ್ಬಿ ತುಂಬಿಸಿ ಕೊಟ್ಟೆ. ಡಬ್ಬಿ ಹಿಡಿದುಕೊಂಡು ಅವರು ಬಾಗಿಲಲ್ಲೇ ನಿಂತರು. ಹೊರಗಿನ ಒದ್ದೆ ಅಂಗಳವನ್ನು ನೋಡಿದರು, ನನ್ನನ್ನು ನೋಡಿದರು.

"ಅಲ್ಲ, ನಿಜ ಹೇಳು. ಎಣ್ಣೆ ನಿಂತಿತ್ತಲ್ಲ?"

"ಹುರುಳಿ ಹೊತ್ತಿ ಹೋಗ್ತದೆ ನೋಡಿ" ಎಂದೆ.

ಒಲೆ ಆರಿ ಬಹಳ ಹೊತ್ತಾಗಿತ್ತು. ಅವರು ಅಡುಗೆಮನೆಯ ಕಡೆಗೆ ತಿರುಗಿಯೂ ನೋಡದೆ ಗುಡ್ಡ ಹತ್ತಿದರು.